ಹೋದ ಮಾತನ್ನು ವಾಪಸ್ ತಂದವರು

18 ಅಂತ ಬರೆದು, ಅದರ ಮುಂದೆ ಇನ್ನೂ 18 ಸೊನ್ನೆ ಹಾಕಿ. ಹೆಚ್ಚೂಕಮ್ಮಿ ಅಷ್ಟು ಗ್ರಹಗಳಿರೋ ಒಂದು ವಿಡಿಯೋ ಗೇಮ್ ಇದೆ. ಹೆಸರು ನೋ ಮ್ಯಾನ್ಸ್ ಸ್ಕೈ. ಮಾಡಿದ್ದು ಇಂಗ್ಲೆಂಡಿನ ಗಿಲ್ಡ್‌ಫರ್ಡ್ ಊರಿನ ಹೆಲೋ ಗೇಮ್ಸ್ ಅನ್ನೋ ಪುಟ್ಟ ಸ್ಟುಡಿಯೋ.

ಅಷ್ಟೂ ಗ್ರಹಗಳನ್ನ ಕೂತು ಬರೆದ್ರಾ? ಸಾಧ್ಯವೇ ಇಲ್ಲ. ಪ್ರತಿ ಗ್ರಹಕ್ಕೂ ಒಂದು ಸಂಖ್ಯೆ ಇದೆ. ಆಟಗಾರ ಹತ್ತಿರ ಹೋದಾಗ ಕಂಪ್ಯೂಟರ್ ಆ ಸಂಖ್ಯೆಯನ್ನ ಸೂತ್ರಕ್ಕೆ ಹಾಕುತ್ತೆ. ಬೆಟ್ಟ, ಕಡಲು, ಗಿಡ, ಪ್ರಾಣಿ ಎಲ್ಲವೂ ಆಗಲೇ ಹುಟ್ಟಿಕೊಳ್ಳುತ್ತವೆ. ಬಿಟ್ಟು ಹೊರಟರೆ ಮಾಯ. ಮತ್ತೆ ಬಂದರೆ ಅದೇ ಸಂಖ್ಯೆ, ಅದೇ ಬೆಟ್ಟ. ಆ ಸಂಖ್ಯೆಗೆ ಅವರು ಸೀಡ್ ಅಂತಾರೆ. ಅಂದ್ರೆ ಬೀಜ!

ತಂತ್ರಜ್ಞಾನ ಅದ್ಭುತ. ಎಡವಿದ್ದು ಮಾತಿನಲ್ಲಿ. 2013ರಲ್ಲಿ ಗೇಮ್ ಘೋಷಣೆ ಆಯ್ತು. ಸ್ಟುಡಿಯೋ ಮುಖ್ಯಸ್ಥ ಶಾನ್ ಮರ್ರೆ ಸಂದರ್ಶನದ ಮೇಲೆ ಸಂದರ್ಶನ ಕೊಟ್ಟರು. ಇಬ್ಬರು ಆಟಗಾರರು ಎದುರಾಗಬಹುದಾ ಅಂದ್ರೆ, ಅವಕಾಶ ತೀರಾ ಕಡಿಮೆ, ಆದ್ರೆ ಆಗಬಹುದು ಅಂದರು. 2016ರ ಆಗಸ್ಟ್‌ನಲ್ಲಿ ಗೇಮ್ ಬಂತು. ಬೆಲೆ 60 ಡಾಲರ್. ಬಿಡುಗಡೆಯಾದ ಬೆನ್ನಲ್ಲೇ ಇಬ್ಬರು ಒಂದೇ ಗ್ರಹದ ಒಂದೇ ಜಾಗಕ್ಕೆ ಹೋಗಿ ನಿಂತರು. ಒಬ್ಬರಿಗೊಬ್ಬರು ಕಾಣಲೇ ಇಲ್ಲ!

ಜನ ರೊಚ್ಚಿಗೆದ್ದರು. ದೂರು ಬ್ರಿಟನ್ನಿನ ಜಾಹೀರಾತು ನಿಯಂತ್ರಣ ಸಂಸ್ಥೆಯ ತನಕ ಹೋಯ್ತು. ಜಾಹೀರಾತಿನಲ್ಲಿ ಮೋಸ ಇಲ್ಲ ಅಂತ ಆ ಸಂಸ್ಥೆ ಕ್ಲೀನ್ ಚಿಟ್ ಕೊಡ್ತು. ಜನ ಕೊಡಲಿಲ್ಲ.

ಆಮೇಲೇನಾಯ್ತು ಗೊತ್ತಾ? ಅಷ್ಟು ಮಾತಾಡಿದ್ದ ಮನುಷ್ಯ ಬಾಯಿ ಮುಚ್ಚಿಕೊಂಡು ಕೆಲಸಕ್ಕೆ ಕೂತ. 2016ರ ನವೆಂಬರ್‌ನಲ್ಲಿ ಮೊದಲ ದೊಡ್ಡ ಅಪ್‌ಡೇಟ್ ಬಂತು. 2018ರ ಜುಲೈನಲ್ಲಿ ಆಟಗಾರರು ಒಬ್ಬರನ್ನೊಬ್ಬರು ಕಣ್ಣಾರೆ ನೋಡಿ, ಜೊತೆಯಾಗಿ ಆಡುವಂತಾಯ್ತು. ಅಪ್‌ಡೇಟ್‌ಗಳು ವರ್ಷಗಟ್ಟಲೆ ಬರುತ್ತಲೇ ಹೋದವು. ಮೊದಲೇ ಕೊಂಡವರಿಂದ ಇದಕ್ಕೆಲ್ಲ ಒಂದು ಪೈಸೆ ಕೇಳಲಿಲ್ಲ.

ಹಾಗಂತ ಮೊದಲು ಮಾಡಿದ್ದು ಸರಿ ಅಂತ ನಾನು ಹೇಳ್ತಿಲ್ಲ. ಇಲ್ಲದ್ದನ್ನ ಇದೆ ಅನ್ನಿಸಿ ದುಡ್ಡು ತಗೊಂಡಿದ್ದು ತಪ್ಪೇ. ಎರಡು ವರ್ಷ ಕಾದವರ ಸಿಟ್ಟೂ ನ್ಯಾಯವೇ.

ಆದ್ರೆ ಒಂದು ಮಾತು. ಕೊಟ್ಟ ಮಾತು ತಪ್ಪಿದವರನ್ನ ನಾನು ದಿನಾ ಈ ಸ್ಟುಡಿಯೋದಲ್ಲಿ ಕೂರಿಸಿಕೊಂಡು ಪ್ರಶ್ನೆ ಕೇಳ್ತೀನಿ. ಎಲ್ಲರ ಹತ್ತಿರವೂ ಸ್ಪಷ್ಟೀಕರಣ ಇರುತ್ತೆ. ಒಂಬತ್ತು ಗಂಟೆಗೆ ಅವರು ಎದ್ದು ಹೋಗ್ತಾರೆ, ನಾನೂ ಮುಂದಿನ ಸುದ್ದಿಗೆ ಹೋಗ್ತೀನಿ. ಎರಡು ವರ್ಷ ಬಿಟ್ಟು, ‘ಆ ಕೆಲಸ ಏನಾಯ್ತು ಸ್ವಾಮಿ?’ ಅಂತ ನಾನೂ ಕೇಳಿದ್ದು ಕಡಿಮೆ.

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅಂತಾರೆ. ಇವರು ಹೋದ ಮಾತನ್ನ ದುಡಿದು ವಾಪಸ್ ತಂದರು. ನಮ್ಮಲ್ಲಿ ಅಂಥವರು ಎಷ್ಟು ಜನ? ಲೆಕ್ಕ ಹಾಕಿ. ಇದಕ್ಕೆ 18 ಸೊನ್ನೆ ಬೇಕಾಗಲ್ಲ.