ಕಾಶಿಯ ಹಾಗಲಕಾಯಿ, ಲೆಂಟಿನ ಮೊಬೈಲು

ಕಾಶಿಗೆ ಹೋದವರು ತಮಗೆ ಇಷ್ಟವಾದ ಒಂದು ತಿನಿಸನ್ನು ಅಲ್ಲಿಯೇ ಬಿಟ್ಟು ಬರಬೇಕೆಂಬುದು ಹಳೆಯ ಪದ್ಧತಿ. ಬಿಟ್ಟ ಮೇಲೆ ಬದುಕಿರುವ ತನಕ ಅದನ್ನು ಮುಟ್ಟುವಂತಿಲ್ಲ. ಹಾಗಾಗಿ ಜಾಣರು ಹಾಗಲಕಾಯಿ ಬಿಟ್ಟು ಬರುತ್ತಾರೆ. ಹೋಳಿಗೆ ಬಿಟ್ಟು ಬಂದವರು ಊರಿಗೊಬ್ಬರೂ ಸಿಗುವುದಿಲ್ಲ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಕ್ರೈಸ್ತ ಮನೆಗಳಲ್ಲೂ ವರ್ಷಕ್ಕೊಮ್ಮೆ ಇದೇ ಪ್ರಶ್ನೆ ಏಳುತ್ತದೆ. ತಪಸ್ಸುಕಾಲ ಬಂತು, ಈ ಸಲ ಏನು ಬಿಡೋಣ?

ಲೆಂಟ್ ಎಂದೂ ಕರೆಯುವ ಈ ಕಾಲ ಬೂದಿ ಬುಧವಾರದಂದು ಶುರುವಾಗುತ್ತದೆ. ಹಿಂದಿನ ವರ್ಷ ಗರಿಗಳ ಭಾನುವಾರದಂದು ಹರಸಿ ಹಂಚಿದ ಗರಿಗಳನ್ನು ಸುಟ್ಟು ಬೂದಿ ಮಾಡಿ ಗುರುಗಳು ಹಣೆಗೆ ಹಚ್ಚುತ್ತಾರೆ. ಮಠಮಾನ್ಯಗಳ ಈ ನಾಡಿನಲ್ಲಿ ಬೂದಿ ಹಚ್ಚಿದ ಹಣೆ ಯಾರಿಗೂ ಹೊಸದಲ್ಲ. ಅಂದಿನಿಂದ ಈಸ್ಟರ್ ಮುನ್ನಾದಿನದವರೆಗೆ ಎಣಿಸಿದರೆ 46 ದಿನ. ಭಾನುವಾರ ಯೇಸು ಎದ್ದು ಬಂದ ದಿನವಾದ್ದರಿಂದ ಅಂದು ಉಪವಾಸವಿಲ್ಲ. ಆರು ಭಾನುವಾರಗಳನ್ನು ಕಳೆದರೆ ಉಳಿಯುವುದು 40. ಯೇಸು ಬೆಂಗಾಡಿನಲ್ಲಿ ಹಸಿದಿದ್ದ ದಿನಗಳ ಲೆಕ್ಕವೂ ಅಷ್ಟೇ.

ಕಥೋಲಿಕ ಸಭೆ ಕಟ್ಟುನಿಟ್ಟಾಗಿ ಉಪವಾಸ ವಿಧಿಸುವುದು ವರ್ಷದಲ್ಲಿ ಎರಡೇ ದಿನ, ಬೂದಿ ಬುಧವಾರ ಮತ್ತು ಶುಭ ಶುಕ್ರವಾರ. ಅದೂ 18 ತುಂಬಿದವರಿಂದ 59ರ ತನಕದವರಿಗೆ. ಕಾಯಿಲೆಯವರಿಗೆ ವಿನಾಯಿತಿ ಉಂಟು; ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವವರು ಹಟ ಹಿಡಿದು ಹಸಿಯಬೇಕಾಗಿಲ್ಲ. ಹಿಂದಿನ ಕಠಿಣ ನಿಯಮಗಳನ್ನು 1966ರಲ್ಲಿ ಆರನೆಯ ಪೌಲ್ ಪೋಪರು ಸಡಿಲಿಸಿ, ಪ್ರಾರ್ಥನೆ ಮತ್ತು ಪರೋಪಕಾರಕ್ಕೆ ಹೆಚ್ಚು ಒತ್ತು ಕೊಟ್ಟರು. ಉಳಿದ ದಿನಗಳಲ್ಲಿ ಏನು ಬಿಡಬೇಕೆಂಬುದು ಬಹುಮಟ್ಟಿಗೆ ಆಯಾ ಮನೆಯವರ ವಿವೇಕ. ಇಂದಿನ ಶಿವಮೊಗ್ಗ, ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳನ್ನು ಒಳಗೊಂಡ, 1988ರಲ್ಲಿ ರಚನೆಯಾದ ಶಿವಮೊಗ್ಗ ಧರ್ಮಪ್ರಾಂತ್ಯಕ್ಕೂ ಇದೇ ನಿಯಮ.

ವಿವೇಕಕ್ಕೆ ಬಿಟ್ಟರೆ ಕಷ್ಟ ಶುರುವಾಗುವುದೇ ಅಲ್ಲಿಂದ.

ಒಬ್ಬರು ಸಂಜೆಯ ಮಂಡಕ್ಕಿ ಮೆಣಸಿನಕಾಯಿ ಬಿಡುತ್ತಾರೆ. ಇನ್ನೊಬ್ಬರು ಕಾಫಿ, ಮತ್ತೊಬ್ಬರು ಸಿನಿಮಾ. ಅಡಿಕೆ ತೋಟಗಳ ಹೊಳಲ್ಕೆರೆ ಸೀಮೆಯಲ್ಲಿ ಎಲೆ ಅಡಿಕೆ ಬಿಡುತ್ತೇನೆನ್ನುವುದು ಸಣ್ಣ ಶೌರ್ಯವೇನಲ್ಲ. ಹೆಚ್ಚಿನವರು ಬಿಡುವುದು ಮಾಂಸವನ್ನು. ಆದರೆ ಸಭೆಯ ನಿಯಮದಲ್ಲಿ ಮೀನು ಮಾಂಸದ ಲೆಕ್ಕಕ್ಕೆ ಬರುವುದಿಲ್ಲ. ಶುಕ್ರವಾರ ಕೋಳಿ ಬಿಟ್ಟ ಹಿರಿಯೂರಿನ ಮನೆಯಲ್ಲಿ ವಾಣಿ ವಿಲಾಸ ಸಾಗರದ ಮೀನಿನ ಸಾರು ಘಮಘಮಿಸಿದರೆ ನಿಯಮವೇನೂ ಮುರಿದಂತಾಗಲಿಲ್ಲ. ಬಿಟ್ಟದ್ದೇನು ಎಂದು ಮಾತ್ರ ಯಾರೂ ಕೇಳಬಾರದು, ಅಷ್ಟೆ.

ಬಿಡುವ ವಿದ್ಯೆ ಚಿತ್ರದುರ್ಗ ಜಿಲ್ಲೆಗೆ ಹೊಸದಾಗಿ ಕಲಿಸಬೇಕಾದದ್ದೂ ಅಲ್ಲ. ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡದ ರೈತರಿದ್ದಾರೆ. ಶ್ರಾವಣ ಮುಗಿಯುವ ತನಕ ಮಾಂಸ ಮುಟ್ಟದ ಮನೆಗಳಿವೆ. ಅಯ್ಯಪ್ಪ ಮಾಲೆ ಹಾಕಿದವರು 41 ದಿನ ಬೀಡಿ, ಹೆಂಡದ ಕಡೆ ತಿರುಗಿಯೂ ನೋಡುವುದಿಲ್ಲ. 2025ರಲ್ಲಂತೂ ಫೆಬ್ರುವರಿ 26ಕ್ಕೆ ಶಿವರಾತ್ರಿ, ಮಾರ್ಚ್ 2ಕ್ಕೆ ರಂಜಾನ್ ಉಪವಾಸದ ಆರಂಭ, ಮಾರ್ಚ್ 5ಕ್ಕೆ ಬೂದಿ ಬುಧವಾರ. ಒಂದೇ ವಾರದ ಅಂತರದಲ್ಲಿ ಒಂದೇ ಬೀದಿಯ ಮೂರು ಮನೆಗಳು ಮೂರು ರೀತಿಯಲ್ಲಿ ಹಸಿದವು. ಮಾಲೆ ತೆಗೆದ ಮರುದಿನ, ಈಸ್ಟರ್ ಊಟದ ದಿನ, ನಲವತ್ತು ದಿನದ ಬಾಕಿಯನ್ನು ಬಡ್ಡಿ ಸಮೇತ ತೀರಿಸಿಕೊಳ್ಳುವವರು ಮಾತ್ರ ಎಲ್ಲ ಕಡೆಯೂ ಒಂದೇ ಥರ.

ನಾಲಿಗೆಗೆ ಬೇಕಾದುದನ್ನು ಬಿಟ್ಟರೆ ಸಾಕೋ, ನಾಲಿಗೆಯ ಮೇಲೆ ಕೂತದ್ದನ್ನೂ ಬಿಡಬೇಕೋ? ಈ ಪ್ರಶ್ನೆಗೆ 1,600 ವರ್ಷಗಳಿಗೂ ಹಳೆಯ ಒಂದು ಪ್ರಸಂಗವಿದೆ. 387ರಲ್ಲಿ ಅಂತಿಯೋಕ್ಯ ನಗರದಲ್ಲಿ ಹೊಸ ತೆರಿಗೆಯ ವಿರುದ್ಧ ಜನ ರೊಚ್ಚಿಗೆದ್ದು ರೋಮನ್ ಚಕ್ರವರ್ತಿ ಥಿಯೋಡೋಸಿಯಸ್ ಮತ್ತು ಅವನ ಮನೆಯವರ ಪ್ರತಿಮೆಗಳನ್ನು ಉರುಳಿಸಿದರು. ಸಿಟ್ಟು ಇಳಿದ ಮೇಲೆ ಭಯ ಏರಿತು. ಊರನ್ನೇ ಸುಟ್ಟುಬಿಡುತ್ತಾನೇನೋ ಎಂದು ಜನ ನಡುಗುತ್ತಿದ್ದಾಗ ಮುದಿ ಬಿಷಪ್ ಫ್ಲೇವಿಯನ್ ಕ್ಷಮೆ ಕೇಳಲು ಕಾನ್‌ಸ್ಟಾಂಟಿನೋಪಲ್‌ಗೆ ಹೊರಟರು. ಇತ್ತ ತಪಸ್ಸುಕಾಲ ಬಂತು. ಮುಂದೆ ಬಂಗಾರದ ಬಾಯಿಯವರೆಂದು ಹೆಸರಾದ ಯೋಹಾನ ಕ್ರಿಸೊಸ್ತೊಮರು ಆಗ ಅಲ್ಲಿಯ ಗುರುಗಳಾಗಿದ್ದರು. ಅವರು ಮೇಲಿಂದ ಮೇಲೆ ಪ್ರವಚನ ನೀಡಿದರು.

ಸಾವು ಬಾಗಿಲಲ್ಲಿ ನಿಂತಿದ್ದಾಗ ಅವರು ಜನರಿಂದ ಕೇಳಿದ್ದೇನು? ಮಾತುಮಾತಿಗೆ ಆಣೆ ಇಡುವ ಚಾಳಿ ಬಿಡಿ ಎಂದು. ಹೊಟ್ಟೆಯೊಂದೇ ಉಪವಾಸವಿದ್ದರೆ ಆಗದು. ಕಣ್ಣು, ಕಿವಿ, ಬಾಯಿಗಳೂ ಉಪವಾಸವಿರಬೇಕು, ಕೋಳಿ ಮೀನು ಬಿಟ್ಟು ಸೋದರನನ್ನು ಕಚ್ಚಿ ತಿಂದರೆ ಏನು ಬಂತು ಎಂಬುದು ಅವರ ವಾದದ ಸಾರ. ಅಷ್ಟಕ್ಕೇ ಬಿಡದೆ ಒಂದು ಶಿಕ್ಷೆಯನ್ನೂ ಸೂಚಿಸಿದರು. ಮನೆಯಲ್ಲಿ ಯಾರಾದರೂ ಆಣೆ ಇಟ್ಟರೆ ರಾತ್ರಿ ಊಟವಿಲ್ಲದೆ ಮಲಗಲಿ, ಯಜಮಾನನಿಗೂ ಅದೇ ದಂಡ. ಉಪದೇಶಕ್ಕಿಂತ ಇದು ಹೆಚ್ಚು ಕೆಲಸ ಮಾಡುವ ಉಪಾಯ. ಬಾಯಿಗೆ ಗೊತ್ತಾಗದೆ ಉದುರುವ ಮಾತನ್ನು ಹೊಟ್ಟೆ ನೆನಪಿಸುತ್ತದೆ. ಈಸ್ಟರ್ ಹೊತ್ತಿಗೆ ಊರಿಗೆ ಕ್ಷಮೆ ಸಿಕ್ಕಿತು. ಆಣೆ ಬಿಡಿಸುವ ಪ್ರವಚನಗಳು ಮಾತ್ರ ಅಷ್ಟು ಬೇಗ ಮುಗಿಯಲಿಲ್ಲ.

ಈ ದಂಡವನ್ನು ಯಾವುದಾದರೂ ಸಂತೆಯಲ್ಲಿ ಒಂದು ದಿನ ಜಾರಿಗೆ ತಂದು ನೋಡಬೇಕು. "ದೇವರಾಣೆಗೂ ಅಸಲೇ ಇಷ್ಟು" ಎಂದು ವ್ಯಾಪಾರಿ, "ನಿನ್ನಾಣೆ, ಆಚೆ ಅಂಗಡೀಲಿ ಹತ್ತು ರೂಪಾಯಿ ಕಮ್ಮಿ" ಎಂದು ಗಿರಾಕಿ. ನಡುವೆ ಚೌಕಾಸಿಗೆ ನಿಂತವನು "ನಮ್ಮವ್ವನಾಣೆ" ಎಂದು ಇಬ್ಬರನ್ನೂ ಸಮಾಧಾನ ಮಾಡುತ್ತಾನೆ. ರಾತ್ರಿ ಮೂವರ ಮನೆಯ ಮುದ್ದೆಯೂ ತಟ್ಟೆಯಲ್ಲೇ ಉಳಿಯುತ್ತಿತ್ತು.

ಇಂದು ಆಣೆಯ ಜಾಗದಲ್ಲಿ ಮೊಬೈಲು ಕೂತಿದೆ. ಚಹಾ ಅಂಗಡಿಯಲ್ಲಿ ಲೋಟ ಕೈಗೆ ಬರುವ ಮೊದಲೇ ಹೆಬ್ಬೆರಳು ಪರದೆಯ ಮೇಲೆ ಓಡುತ್ತಿರುತ್ತದೆ. ಏನು ನೋಡಿದೆ ಎಂದು ಕೇಳಿದರೆ ಉತ್ತರವಿಲ್ಲ. 2020ರ ಬೂದಿ ಬುಧವಾರದಂದು ಪೋಪ್ ಫ್ರಾನ್ಸಿಸ್ ಅವರು ಟಿವಿ ಆರಿಸಿ ಬೈಬಲ್ ತೆರೆಯಿರಿ, ಫೋನು ಬದಿಗಿಡಿ, ಹರಟೆ, ಚಾಡಿಮಾತು ಬಿಡಿ ಎಂದು ಹೇಳಿದ್ದರು. 2023ರಲ್ಲಿ ಕೇರಳದ ಕೋತಮಂಗಲಂ ಧರ್ಮಪ್ರಾಂತ್ಯವು ಮೊಬೈಲ್, ಸೀರಿಯಲ್‌ಗಳಿಂದ ಉಪವಾಸವಿರುವಂತೆ ಕರೆ ಕೊಟ್ಟಿತು. ಜರ್ಮನಿಯ ಪ್ರೊಟೆಸ್ಟೆಂಟರು 1983ರಿಂದ ನಡೆಸುತ್ತಿರುವ ಏಳು ವಾರಗಳ ಅಭಿಯಾನದಲ್ಲಿ 2019ರಲ್ಲಿ ಬಿಡಲು ಹೇಳಿದ್ದು ಸುಳ್ಳನ್ನು, ಮರುವರ್ಷ ನಿರಾಶಾವಾದವನ್ನು.

ಇದರಲ್ಲೊಂದು ತಮಾಷೆಯೂ ಉಂಟು. ಉಪವಾಸ ಮಾಡುವಾಗ ತಲೆಗೆ ಎಣ್ಣೆ ಹಚ್ಚಿ ಮುಖ ತೊಳೆದುಕೊಂಡಿರಿ, ಜನರಿಗೆ ತೋರಿಸಬೇಡಿ ಎಂಬ ಯೇಸುವಿನ ಮಾತನ್ನು ಓದುವುದು ಬೂದಿ ಬುಧವಾರದ ಬಲಿಪೂಜೆಯಲ್ಲೇ. ಅದನ್ನು ಕೇಳಿ ಹೊರಬಂದವರು "ಇಂದಿನಿಂದ ನಲವತ್ತು ದಿನ ಫೇಸ್‌ಬುಕ್ ಬಿಟ್ಟಿದ್ದೇನೆ" ಎಂದು ಫೇಸ್‌ಬುಕ್ಕಿನಲ್ಲೇ ಹಾಕಿ, ಎಷ್ಟು ಮಂದಿ ಮೆಚ್ಚಿದರೆಂದು ಸಂಜೆಯ ತನಕ ನೋಡುತ್ತಾರೆ.

ಬಿಟ್ಟದ್ದರಿಂದ ಉಳಿದದ್ದು ಎಲ್ಲಿಗೆ ಹೋಯಿತು ಎಂಬ ಲೆಕ್ಕವೂ ಇದೆ. ಹಸಿದವನೊಡನೆ ರೊಟ್ಟಿ ಹಂಚಿಕೊಳ್ಳುವುದೇ ದೇವರು ಮೆಚ್ಚುವ ಉಪವಾಸವೆಂದು ಪ್ರವಾದಿ ಯೆಶಾಯನ ಗ್ರಂಥ ಹೇಳುತ್ತದೆ. ಮಿಜೋರಾಂನ ಕ್ರೈಸ್ತ ಹೆಂಗಸರು 1910ರಿಂದ ಅಡುಗೆಗೆ ಅಕ್ಕಿ ಅಳೆಯುವಾಗಲೆಲ್ಲ ಒಂದು ಹಿಡಿ ತೆಗೆದು ಸಭೆಯ ಕೆಲಸಕ್ಕೆ ಬೇರೆ ಇಡುತ್ತ ಬಂದಿದ್ದಾರೆ. ಹಿಡಿ ಧಾನ್ಯದ ಬೆಲೆ ಹೊಳಲ್ಕೆರೆ ತಾಲ್ಲೂಕಿಗೆ ಚೆನ್ನಾಗಿ ಗೊತ್ತು. ಮಲ್ಲಾಡಿಹಳ್ಳಿಯ ರಾಘವೇಂದ್ರ ಸ್ವಾಮೀಜಿ ಅನಾಥ ಸೇವಾಶ್ರಮಕ್ಕಾಗಿ ಊರೂರು ಬೇಡಿದವರು, 'ತಿರುಕ' ಎಂಬ ಹೆಸರಿನಲ್ಲೇ ಬರೆದವರು. ಕಾಫಿ ಬಿಟ್ಟ ಮನೆಯಲ್ಲಿ ಉಳಿದ ದುಡ್ಡು ಬಿಸ್ಕತ್ತಿನ ಪೊಟ್ಟಣವಾಗಿ ವಾಪಸು ಬಂದರೆ ಅದು ಬರಿಯ ಉಳಿತಾಯ ಯೋಜನೆ.

ಹಿರಿಯೂರಿನಲ್ಲಿ ಬಿಡಲು ಇನ್ನೊಂದು ಯೋಗ್ಯ ಚಾಳಿ ಇದೆ, ನೀರು ಚೆಲ್ಲುವುದು. ಜಾಗತಿಕ ಚರ್ಚುಗಳ ಮಂಡಳಿಯು 2008ರಿಂದ ತಪಸ್ಸುಕಾಲದ ಏಳು ವಾರಗಳನ್ನು ನೀರಿನ ಚಿಂತನೆಗೆ ಮೀಸಲಿಟ್ಟಿದೆ. ಮಾರ್ಚ್ 22ರ ವಿಶ್ವ ಜಲ ದಿನವೂ ಸಾಮಾನ್ಯವಾಗಿ ಅದರೊಳಗೇ ಬರುತ್ತದೆ. 1907ರಲ್ಲಿ ಕಟ್ಟಿ ಮುಗಿಸಿದ, ವಾಣಿ ವಿಲಾಸ ಸಾಗರದ ಮಾರಿ ಕಣಿವೆ ಅಣೆಕಟ್ಟು 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬೀಳಲು 2022ರ ತನಕ ಕಾಯಬೇಕಾಯಿತು. ಒಂದು ಕೋಡಿ ನೋಡಿದ ಮಗು ಇನ್ನೊಂದನ್ನು ನೋಡುವಾಗ ತೊಂಬತ್ತರ ಹತ್ತಿರದ ಮುದುಕ. ಇಂಥ ಊರಿನಲ್ಲಿ ನಲ್ಲಿ ತಿರುಗಿಸಿಟ್ಟು ಮೊಬೈಲು ನೋಡುತ್ತ ಹಲ್ಲುಜ್ಜುವವರು ಒಂದೇ ಕೈಯಲ್ಲಿ ಎರಡು ಚಾಳಿ ಬಿಡಬಹುದು.

ನಾವೇ ಆರಿಸಿಕೊಂಡರೆ ಸುಲಭವಾದದ್ದನ್ನೇ ಆರಿಸುತ್ತೇವೆ. ಆದ್ದರಿಂದ ಆಯ್ಕೆಯನ್ನು ಮನೆಯವರ ಕೈಗೆ ಕೊಡುವುದು ಲೇಸು. ಮಟನ್ ಬಿಡುತ್ತೇನೆ ಎನ್ನುವ ಯಜಮಾನನಿಗೆ ಹೆಂಡತಿ, ಮಕ್ಕಳು ಹೇಳುವ ಹೆಸರು ಬಹುಶಃ ಬೇರೆಯೇ ಇರುತ್ತದೆ: ಊಟದ ಹೊತ್ತಿನ ಸಿಡುಕು, ಮಾತಾಡುವಾಗಲೂ ಕೈಬಿಡದ ಫೋನು, ನೆಂಟರ ಮುಂದೆ ಮಗನನ್ನು ಹೀಗಳೆಯುವ ರೂಢಿ. ಯಾವ ಧರ್ಮದವರಾದರೂ ಸರಿ, ಇವತ್ತು ತಿಂಡಿಗೆ ಕೂತಾಗ ಒಮ್ಮೆ ಕೇಳಿ ನೋಡಿ. ಕ್ರೈಸ್ತರಿಗೆ 2027ರ ಬೂದಿ ಬುಧವಾರ ಫೆಬ್ರುವರಿ 10ರಂದು. ಉಳಿದವರು ಅಲ್ಲಿಯ ತನಕ ಕಾಯಬೇಕಾಗಿಲ್ಲ.