ನೋವು ನಿಂತರೂ ಮಾತ್ರೆ ನಿಲ್ಲಬಾರದು
(ಗಿರಣಿ ಕಾರ್ಮಿಕರ ಹಾಗೂ ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)

ಹೃದಯಾಘಾತವಾಗಿ ಆಸ್ಪತ್ರೆ ಸೇರಿದವನು ನಡೆದುಕೊಂಡು ಮನೆಗೆ ಬಂದರೆ ರೋಗ ಹೋಯಿತೆಂದು ನಾವು ಭಾವಿಸುತ್ತೇವೆ. ಹೋದದ್ದು ನೋವು ಮಾತ್ರ. ರೋಗವಿರುವುದು ರಕ್ತನಾಳದ ಗೋಡೆಯಲ್ಲಿ. ಅಲ್ಲಿ ವರ್ಷಗಟ್ಟಲೆ ಕೊಬ್ಬು ಸೇರಿರುತ್ತದೆ. ಅದು ಒಡೆದ ಕಡೆ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ. ಹೃದಯದ ನಾಳದಲ್ಲಾದರೆ ಹೃದಯಾಘಾತ, ಮೆದುಳಿನ ನಾಳದಲ್ಲಾದರೆ ಲಕ್ವ. ಒಮ್ಮೆ ಆದವನಿಗೆ ಮತ್ತೊಮ್ಮೆ ಆಗುವ ಭಯ ಉಳಿದವರಿಗಿಂತ ಹೆಚ್ಚು.

ಈ ಎರಡನೆಯ ಪೆಟ್ಟನ್ನು ತಡೆಯಲು ಮುಖ್ಯವಾಗಿ ನಾಲ್ಕು ಬಗೆಯ ಮಾತ್ರೆಗಳಿವೆ. ಆಸ್ಪಿರಿನ್ ರಕ್ತ ಹೆಪ್ಪುಗಟ್ಟದಂತೆ ನೋಡಿಕೊಳ್ಳುತ್ತದೆ. ಸ್ಟ್ಯಾಟಿನ್ ಕೊಲೆಸ್ಟರಾಲನ್ನು ಇಳಿಸುತ್ತದೆ. ಬೀಟಾ ಬ್ಲಾಕರ್ ಹೃದಯದ ದುಡಿಮೆಯನ್ನು ಹಗುರ ಮಾಡುತ್ತದೆ. ಎನಲಾಪ್ರಿಲ್, ರಾಮಿಪ್ರಿಲ್ ಜಾತಿಯವು ರಕ್ತದೊತ್ತಡವನ್ನು ತಗ್ಗಿಸುತ್ತವೆ. ಯಾರಿಗೆ ಯಾವುದೆಂಬುದನ್ನು ವೈದ್ಯರೇ ಹೇಳಬೇಕು. ಮೆದುಳಿನಲ್ಲಿ ರಕ್ತಸ್ರಾವವಾದವನಿಗೆ ಆಸ್ಪಿರಿನ್ನೇ ಅಪಾಯವಾದೀತು. ಇವೆಲ್ಲ ಹಳೆಯ ಮದ್ದುಗಳು, ನಮ್ಮ ದೇಶದ ಕಾರ್ಖಾನೆಗಳಲ್ಲೇ ತಯಾರಾಗತಕ್ಕವು.

ಹಾಗಾದರೆ ಇವು ಯಾರ ಬಾಯಿಗೆ ಬೀಳುತ್ತಿವೆ? ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿದ ಡಾ. ಸಲೀಂ ಯೂಸುಫ್ ಅವರ ಮುಂದಾಳುತನದಲ್ಲಿ 'ಪ್ಯೂರ್' ಎಂಬ ಅಧ್ಯಯನ ನಡೆಯಿತು. 17 ದೇಶಗಳ ಒಂದೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ವಿಚಾರಿಸಿದ ಲೆಕ್ಕ 2011ರಲ್ಲಿ ಪ್ರಕಟವಾಯಿತು. ಹೃದಯಾಘಾತವೋ ಲಕ್ವವೋ ಆಗಿದ್ದವರಲ್ಲಿ ಸ್ಟ್ಯಾಟಿನ್ ತೆಗೆದುಕೊಳ್ಳುತ್ತಿದ್ದವರು ಶ್ರೀಮಂತ ದೇಶಗಳಲ್ಲಿ ನೂರಕ್ಕೆ 66. ಭಾರತವೂ ಸೇರಿದ ಬಡ ದೇಶಗಳ ಗುಂಪಿನಲ್ಲಿ ನೂರಕ್ಕೆ 3. ಈ ಮಾತ್ರೆಗಳಲ್ಲಿ ಒಂದನ್ನೂ ಕಾಣದವರು ಅಲ್ಲಿ ನೂರಕ್ಕೆ 11, ಇಲ್ಲಿ ನೂರಕ್ಕೆ 80!

'ಬಡವರಿಗೆ ತಿಳುವಳಿಕೆ ಸಾಲದು' ಎಂದು ದೊಡ್ಡವರು ಹೇಳುವುದುಂಟು. ಅದೇ ಅಧ್ಯಯನದ ಉತ್ತರ ಬೇರೆ. ರೋಗಿಯ ವಯಸ್ಸು, ಓದು, ಅಭ್ಯಾಸಗಳಿಗಿಂತ ಅವನು ಯಾವ ದೇಶದಲ್ಲಿದ್ದಾನೆ, ಆ ದೇಶದ ಆರ್ಥಿಕ ಸ್ಥಿತಿ ಏನು ಎಂಬುದೇ ಹೆಚ್ಚು ಪ್ರಭಾವ ಬೀರಿತ್ತು.

2016ರಲ್ಲಿ ಪ್ರಕಟವಾದ ಎರಡನೆಯ ಲೆಕ್ಕ ಇನ್ನೂ ಕಣ್ಣು ತೆರೆಸುವಂಥದು. ವಿಚಾರಿಸಿದ ಭಾರತದ ಪಟ್ಟಣ ಪ್ರದೇಶಗಳಲ್ಲಿ ನೂರಕ್ಕೆ 89ರಲ್ಲಿ, ಹಳ್ಳಿಗಳಲ್ಲಿ ನೂರಕ್ಕೆ 81ರಲ್ಲಿ ನಾಲ್ಕೂ ಔಷಧಗಳು ಸಿಗುತ್ತಿದ್ದವು. ಆದರೆ ಊಟದ ಖರ್ಚು ಕಳೆದು ಉಳಿದ ಹಣದಲ್ಲಿ ಐದನೆಯ ಒಂದು ಪಾಲಿನೊಳಗೆ ಅವನ್ನು ಕೊಳ್ಳಲಾರದ ಮನೆಗಳು ನೂರಕ್ಕೆ 59. ಅಂಗಡಿಯಲ್ಲಿ ಮದ್ದಿದೆ, ಜೇಬಿನಲ್ಲಿ ಕಾಸಿಲ್ಲ.

ಆದುದರಿಂದ ನಾವು ಮಾಡಬೇಕಾದುದೇನು? ಗಿರಣಿಯ ಬಂಧುಗಳೇ, ಇ.ಎಸ್.ಐ. ವಿಮೆಗೊಳಪಟ್ಟ ಕಾರ್ಮಿಕನಿಗೆ ವೈದ್ಯೋಪಚಾರ ಹಕ್ಕು, ಭಿಕ್ಷೆಯಲ್ಲ. ಡಿಸ್ಪೆನ್ಸರಿಯಲ್ಲಿ 'ಸ್ಟಾಕಿಲ್ಲ' ಎಂದರೆ ಒಬ್ಬೊಬ್ಬರೇ ಹಿಂತಿರುಗಬೇಡಿ. ಸಂಘದ ಮೂಲಕ ಬರೆದು ಕೇಳಿ. ಅಂಗಡಿಕಾರ ಮಿತ್ರರೇ, ನಿಮಗೆ ಆ ಆಸರೆ ಇಲ್ಲ. ಔಷಧದ ಮೂಲ ಹೆಸರನ್ನು ವೈದ್ಯರಿಂದ ಬರೆಸಿಕೊಳ್ಳಿ. 2008ರಲ್ಲಿ ಆರಂಭವಾದ ಜನೌಷಧಿ ಯೋಜನೆಯ ಅಂಗಡಿಗಳಲ್ಲಿ ಬೆಲೆ ವಿಚಾರಿಸಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಈ ಮಾತ್ರೆಗಳು ತಿಂಗಳು ತಪ್ಪದೆ ಸಿಗಲೆಂದು ನಾವೆಲ್ಲ ಕೂಡಿ ಒತ್ತಾಯಿಸಬೇಕು.

ಬೀಡಿ ಬಿಡಿ. ವೈದ್ಯರ ಮಾತಿಲ್ಲದೆ ಮಾತ್ರೆ ಬಿಡಬೇಡಿ. ಮನೆಯ ದುಡಿಯುವ ಕೈಯನ್ನು ಮೊದಲ ಪೆಟ್ಟಿನಿಂದ ಆಸ್ಪತ್ರೆ ಉಳಿಸೀತು. ಎರಡನೆಯದರಿಂದ ಉಳಿಸುವುದು ದಿನದಿನದ ಮಾತ್ರೆ. ಅದು ಪ್ರತಿ ಮನೆಗೂ ಮುಟ್ಟುವಂತೆ ಮಾಡುವುದು ನಮ್ಮೆಲ್ಲರ ಹೊಣೆ.