ಬಾಗಿಲ ಹೊರಗಿನ ಹುಡುಗ

(ಬಾದನಹಟ್ಟಿಯಲ್ಲಿ ಎರಡು ರಾತ್ರಿ ತೋರಿಸಿದ ನಾಟಕಚಿತ್ರದ ಕೊನೆಯಲ್ಲಿ ಮಾಡಿದ ಭಾಷಣ)



ಎರಡು ರಾತ್ರಿ ಬಿಳಿಯ ಪರದೆಯ ಮುಂದೆ ಕುಳಿತು ತಾವು ಒಂದು ಇಂಗ್ಲಿಷ್ ನಾಟಕವನ್ನು ನೋಡಿದಿರಿ. ಆ ಮಾತು ನಮ್ಮದಲ್ಲ, ಉಡುಪು ನಮ್ಮದಲ್ಲ, ಹಿಮ ಬೀಳುವ ಆ ದೇಶವೂ ನಮ್ಮದಲ್ಲ. ನಡುನಡುವೆ ನಾವು ಕನ್ನಡದಲ್ಲಿ ಹೇಳಿದ ಅರ್ಥವೇ ತಮಗೆ ಆಧಾರ. ಆದರೂ ಸ್ಮೈಕ್ ಎಂಬ ಹುಡುಗ ಸತ್ತಾಗ ಅಜ್ಜಿಯೊಬ್ಬರು ಸೆರಗಿನಿಂದ ಕಣ್ಣೊರಸಿಕೊಂಡರು. ಆ ಕಣ್ಣೀರಿನ ವಿಷಯವಾಗಿಯೇ ನಾಲ್ಕು ಮಾತು ಹೇಳಬೇಕೆಂದಿದ್ದೇವೆ.

ಎಂಟೂವರೆ ಗಂಟೆಯ ನಾಟಕವೇ ಎಂದು ಪೇಟೆಯವರು ಬಾಯಿ ತೆರೆಯಬಹುದು. ರಾತ್ರಿಯೆಲ್ಲ ದೊಡ್ಡಾಟ ನೋಡಿ ಬೆಳಿಗ್ಗೆ ಕೆಲಸಕ್ಕೆ ಹೋಗುವ ನಮ್ಮ ಸೀಮೆಯವರಿಗೆ ಅದೇನೂ ಹೊಸದಲ್ಲ. ನಾಟಕವನ್ನು ಪರದೆಗೆ ತರುವುದೂ ಕನ್ನಡಿಗರಿಗೆ ಹೊಸದಲ್ಲ. 1936ರ ‘ಸಂಸಾರ ನೌಕೆ’ಯೂ 1954ರ ‘ಬೇಡರ ಕಣ್ಣಪ್ಪ’ನೂ ರಂಗದಿಂದಲೇ ಚಿತ್ರಕ್ಕೆ ಬಂದವು. ಅಲ್ಲಿ ರಂಗದ ಕಥೆಯನ್ನು ಸಿನಿಮಾ ಮಾಡಿದರು. ಇಲ್ಲಿ ರಂಗವನ್ನೇ ಚಿತ್ರ ಹಿಡಿದರು. ಇಷ್ಟೇ ವ್ಯತ್ಯಾಸ.

ಈ ಕಥೆಯನ್ನು ಬರೆದವರು ಚಾರ್ಲ್ಸ್ ಡಿಕನ್ಸ್. ಕಾದಂಬರಿಯ ಹೆಸರು ‘ನಿಕೊಲಸ್ ನಿಕಲ್ಬಿ’. 1838ರಿಂದ 1839ರವರೆಗೆ ತಿಂಗಳಿಗೊಂದು ಕಂತಿನಂತೆ ಅದು ಅಚ್ಚಾಯಿತು. ಡೇವಿಡ್ ಎಡ್ಗರ್ ಅದನ್ನು ನಾಟಕವಾಗಿಸಿದರು. ರಾಯಲ್ ಶೇಕ್ಸ್‌ಪಿಯರ್ ಕಂಪನಿ 1980ರಲ್ಲಿ ಅದನ್ನು ಲಂಡನ್ನಿನಲ್ಲಿ ಆಡಿತು. ಸುಮಾರು ನಲವತ್ತು ಮಂದಿ ನಟರು ನೂರಕ್ಕೂ ಹೆಚ್ಚು ಪಾತ್ರಗಳನ್ನು ಹಂಚಿಕೊಂಡರು. ನಮ್ಮ ಸಾರಥಿ ಒಬ್ಬನೇ ಹೇಳುವ ಕಥೆಯನ್ನು ಅಲ್ಲಿ ಎಲ್ಲರೂ ಸೇರಿ ಒಂದೊಂದು ಮಾತಿನಂತೆ ಹೇಳಿದರು. 1981ರಲ್ಲಿ ನ್ಯೂಯಾರ್ಕಿನಲ್ಲಿ ಆಡಿದಾಗ ಟಿಕೆಟ್ಟಿನ ಬೆಲೆ ನೂರು ಡಾಲರ್. ಬಡವರ ಕಥೆಯನ್ನು ಬಡವರು ನೋಡುವಂತಿರಲಿಲ್ಲ! ಅದೇ ನಾಟಕವನ್ನು ಓಲ್ಡ್ ವಿಕ್ ರಂಗಮಂದಿರದಲ್ಲಿ ಚಿತ್ರೀಕರಿಸಿ 1982ರಲ್ಲಿ ಟೆಲಿವಿಷನ್ನಿನಲ್ಲಿ ತೋರಿಸಿದರು. ಆದುದರಿಂದಲೇ ಅದು ಇಂದು ಬಾದನಹಟ್ಟಿಗೂ ಬಂದಿದೆ. ಯಂತ್ರ ಜನರ ಕೈಗೆ ಬಂದರೆ ಏನಾಗಬಹುದು ಎಂಬುದಕ್ಕೆ ಇದೊಂದು ನಿದರ್ಶನ.

ಇನ್ನು ಕಥೆಗೆ ಬರೋಣ. ಬಡ್ಡಿ ವ್ಯವಹಾರದ ರಾಲ್ಫ್, ತಂದೆ ಸತ್ತ ತನ್ನ ತಮ್ಮನ ಮಗ ನಿಕೊಲಸನನ್ನು ದೂರದ ಶಾಲೆಯೊಂದಕ್ಕೆ ಉಪಾಧ್ಯಾಯನಾಗಿ ಕಳಿಸುತ್ತಾನೆ. ಆ ಶಾಲೆಯ ಧಣಿ ಸ್ಕ್ವಿಯರ್ಸ್. ಹಸಿದ ಮಕ್ಕಳಿಗೆ ಗಂಧಕವನ್ನೂ ಕಾಕಂಬಿಯನ್ನೂ ಕಲಸಿ ಕುಡಿಸಿ ಹಸಿವನ್ನು ಕೊಲ್ಲುವುದು ಅಲ್ಲಿಯ ಪದ್ಧತಿ. ಕಿಟಕಿ ಎಂಬ ಪದ ಹೇಳಿಕೊಟ್ಟರೆ, ಹೋಗಿ ಕಿಟಕಿ ಒರಸು ಎಂಬುದೇ ಪಾಠ. ಅಲ್ಲಿ ಸ್ಮೈಕ್ ಎಂಬ ಹುಡುಗನಿದ್ದಾನೆ. ಅವನ ಫೀಜು ಬರುವುದು ನಿಂತುಹೋಯಿತು, ವಿದ್ಯಾರ್ಥಿಯಾಗಿದ್ದವನು ಆಳಾದನು.

ಇದು ಬರಿಯ ಕಲ್ಪನೆಯಲ್ಲ. ಯಾರ್ಕ್‌ಷೈರಿನಲ್ಲಿ ಇಂಥ ಶಾಲೆಗಳಿದ್ದವು. ಒಂದು ಶಾಲೆಯಲ್ಲಿ ಮಕ್ಕಳು ಕಣ್ಣು ಕಳೆದುಕೊಂಡು, 1823ರಲ್ಲಿ ಅದರ ಯಜಮಾನನ ಮೇಲೆ ಮೊಕದ್ದಮೆ ನಡೆಯಿತು. ಅವನು ಪರಿಹಾರ ತೆತ್ತು ಶಾಲೆಯನ್ನು ಮುಂದುವರಿಸಿದನು. 1838ರಲ್ಲಿ ಡಿಕನ್ಸ್ ಅಲ್ಲಿಗೆ ಸ್ವತಃ ಹೋಗಿ ನೋಡಿಬಂದರು. ಅವರಿಗೂ ಮಕ್ಕಳ ದುಡಿಮೆ ಗೊತ್ತಿತ್ತು. ತಂದೆ ಸಾಲಕ್ಕಾಗಿ ಜೈಲು ಸೇರಿದ್ದ 1824ರಲ್ಲಿ, ಹನ್ನೆರಡು ವರ್ಷದ ಅವರು ಬೂಟ್ ಪಾಲಿಷ್ ಕಾರಖಾನೆಯಲ್ಲಿ ಡಬ್ಬಿಗಳಿಗೆ ಚೀಟಿ ಅಂಟಿಸುತ್ತಿದ್ದರು.

ನಿಕೊಲಸ್ ಸ್ಕ್ವಿಯರ್ಸನನ್ನು ಥಳಿಸಿದಾಗ ತಾವೆಲ್ಲ ಚಪ್ಪಾಳೆ ತಟ್ಟಿದಿರಿ. ನಾವೂ ತಟ್ಟಿದೆವು. ಆದರೆ ತಟ್ಟುವಾಗ ನಮ್ಮ ಕೈ ಸ್ವಲ್ಪ ಹಿಂಜರಿಯಿತು. ಏಕೆಂದರೆ ನಾವೂ ಕೆಲವು ವರ್ಷ ಮೇಷ್ಟ್ರಾಗಿದ್ದವರು. ಹತ್ತಿ ಬಿಡಿಸುವ ಕಾಲ, ಮೆಣಸಿನಕಾಯಿ ಕೀಳುವ ಕಾಲ ಬಂದರೆ ಹಿಂದಿನ ಸಾಲು ಖಾಲಿಯಾಗುತ್ತಿತ್ತು. ಕೆಲವು ದಿನ ಹಾಜರಿ ಕೂಗಿ, ಆಮೇಲೆ ಕೆಂಪು ಶಾಯಿಯಿಂದ ಹೆಸರು ಹೊಡೆದುಹಾಕುತ್ತಿದ್ದೆವು. ನಾವು ಯಾರಿಗೂ ಗಂಧಕ ಕುಡಿಸಲಿಲ್ಲ, ನಿಜ. ಆದರೆ ಹೆಸರು ಹೊಡೆದ ಮೇಲೆ ಆ ಹುಡುಗ ಎಲ್ಲಿಗೆ ಹೋದ ಎಂದು ಕೇಳಲೂ ಇಲ್ಲ.

ಕಥೆಯಲ್ಲಿ ಚೀರಿಬಲ್ ಎಂಬ ಇಬ್ಬರು ಉದಾರಿ ವರ್ತಕ ಸಹೋದರರು ಬಂದು ನಿಕೊಲಸನಿಗೆ ನೌಕರಿ ಕೊಟ್ಟು ಸಂಸಾರವನ್ನು ದಡ ಸೇರಿಸುತ್ತಾರೆ. ಇಂಥ ವ್ಯಾಪಾರಿಗಳು ನಮ್ಮಲ್ಲೂ ಇದ್ದಾರೆ. ಉದ್ರಿ ಪುಸ್ತಕವನ್ನು ಮಡಿಚಿಟ್ಟು ಬಡವನಿಗೆ ಜೋಳ ಅಳೆದುಕೊಟ್ಟ ಅಂಗಡಿಯವರು ಈ ಸಭೆಯಲ್ಲೇ ಇದ್ದಾರೆ. ಅವರಿಗೆ ನಮಸ್ಕಾರ. ಆದರೆ ಒಬ್ಬ ಒಳ್ಳೆಯ ಧಣಿ ಎಷ್ಟು ಮಂದಿಯನ್ನು ದಡ ಸೇರಿಸಬಲ್ಲ? ಸ್ಮೈಕನಂತೂ ಬದುಕಲಿಲ್ಲ. ಅವನು ಸತ್ತ ಮೇಲೆ ರಾಲ್ಫನಿಗೆ ತಿಳಿಯುತ್ತದೆ, ತಾನು ಬೇಟೆಯಾಡಿದ ಆ ಹುಡುಗ ತನ್ನ ಸ್ವಂತ ಮಗನೇ ಎಂದು!

ಎಡ್ಗರ್ ಅವರು ಇಲ್ಲಿಯೇ ಒಂದು ದೊಡ್ಡ ಕೆಲಸ ಮಾಡಿದ್ದಾರೆ. ಮದುವೆಗಳಾಗಿವೆ, ಹಬ್ಬದ ಹಾಡು ನಡೆದಿದೆ, ಎಲ್ಲರೂ ಸುಖವಾಗಿದ್ದಾರೆ. ಆಗ ನಿಕೊಲಸನ ಕಣ್ಣಿಗೆ ಹೊರಗೆ ಹಿಮದಲ್ಲಿ ಮತ್ತೊಬ್ಬ ಹುಡುಗ ಬೀಳುತ್ತಾನೆ. ಅವನನ್ನು ಎತ್ತಿಕೊಂಡು ನಮ್ಮ ಕಡೆಗೆ ತಿರುಗಿ ನಿಲ್ಲುತ್ತಾನೆ. ನಾಟಕ ಅಲ್ಲಿಗೆ ಮುಗಿಯುತ್ತದೆ. ಒಬ್ಬ ಸ್ಮೈಕ್ ಸತ್ತ, ಇನ್ನೊಬ್ಬ ಬಾಗಿಲಲ್ಲಿದ್ದಾನೆ. ಏನು ಮಾಡುತ್ತೀರಿ ಎಂದು ಕೇಳಿದಂತಿದೆ.

ಆ ಪುಸ್ತಕ ಬಂದು ನಾಲ್ಕು ದಶಕಗಳ ಮೇಲೆ, 1880ರಲ್ಲಿ, ಇಂಗ್ಲೆಂಡಿನಲ್ಲಿ ಮಕ್ಕಳು ಶಾಲೆಗೆ ಹೋಗಲೇಬೇಕೆಂಬ ಕಾನೂನಾಯಿತು. ಕಣ್ಣೀರು ದಾರಿ ತೋರಿಸಬಹುದು, ದಾರಿ ನಡೆಯಲಾರದು. ನಮ್ಮಲ್ಲಿಯೂ ಆರರಿಂದ ಹದಿನಾಲ್ಕು ವರ್ಷದವರಿಗೆ ಶಿಕ್ಷಣ ಹಕ್ಕೆಂಬ ಕಾನೂನು 2010ರ ಏಪ್ರಿಲ್‌ 1ರಿಂದ ಜಾರಿಯಲ್ಲಿದೆ. 1986ರ ಬಾಲಕಾರ್ಮಿಕ ಕಾನೂನನ್ನು 2016ರಲ್ಲಿ ತಿದ್ದಿ, ಹದಿನಾಲ್ಕರೊಳಗಿನವರನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳಬಾರದೆಂದು ವಿಧಿಸಲಾಗಿದೆ. ಶಾಲೆ ಬಿಟ್ಟ ಮೇಲೆ ಮನೆಯವರ ಕಸುಬಿಗೆ ನೆರವಾಗಬಹುದು ಎಂಬ ಸಂದನ್ನೂ ಅದರಲ್ಲೇ ಬಿಟ್ಟಿದ್ದಾರೆ. ಆ ಸಂದಿನಲ್ಲಿ ಎಷ್ಟು ಮಕ್ಕಳು ನುಸುಳಿಹೋಗಬಹುದೆಂಬುದನ್ನು ಹೊಲಕ್ಕೆ ಹೋಗುವ ತಮಗೆ ನಾವು ಹೇಳಬೇಕಾಗಿಲ್ಲ.

ಗಿರಣಿಯ ಅಣ್ಣಂದಿರೇ, ಇದು ನಮ್ಮ ಕೂಲಿಯ ಪ್ರಶ್ನೆಯೂ ಹೌದು. ಅಪ್ಪನ ಕೂಲಿ ಸಾಲದಾದಾಗ ಮಗನ ಪುಸ್ತಕದ ಚೀಲ ಮೂಲೆ ಸೇರುತ್ತದೆ. ಮಗ ಅರ್ಧ ಕೂಲಿಗೆ ಸಿಕ್ಕಿದಾಗ ಅಪ್ಪನ ಕೂಲಿ ಇನ್ನೂ ಇಳಿಯುತ್ತದೆ. ಆದುದರಿಂದ ಸಂಘದ ಬೇಡಿಕೆಗಳಲ್ಲಿ ಕೂಲಿಯೂ ಶಾಲೆಯೂ ಒಂದೇ ಸಾಲಿನಲ್ಲಿರಬೇಕು. ಅಂಗಡಿಯ ಬಂಧುಗಳೇ, ಚಹಾ ಲೋಟ ತೊಳೆಯುವ ಕೈಯ ವಯಸ್ಸನ್ನು ಒಮ್ಮೆ ಕೇಳಿರಿ.

ನಾಳೆ ಬೆಳಿಗ್ಗೆ ನಾವು ಕೆಲವರು ಶಾಲೆಯ ಬಳಿ ಸೇರುತ್ತೇವೆ. ಮೇಷ್ಟ್ರನ್ನು ವಿನಯದಿಂದ ಕೇಳಿ, ಹಾಜರಿಯಿಂದ ಬಿಟ್ಟುಹೋದ ಹೆಸರುಗಳನ್ನು ಬರೆದುಕೊಂಡು, ಒಂದೊಂದು ಮನೆಗೂ ಹೋಗುತ್ತೇವೆ. ಗುಳೆ ಹೋದವರಾದರೆ ಎಲ್ಲಿಗೆ ಹೋದರೆಂದು ವಿಚಾರಿಸುತ್ತೇವೆ. ನಿಕೊಲಸ್ ಒಬ್ಬನೇ ಆ ಹುಡುಗನನ್ನು ಎತ್ತಿಕೊಂಡು ನಿಂತಿದ್ದ. ನಾವು ಒಬ್ಬರಲ್ಲ. ತಾವೂ ಬನ್ನಿರಿ.